ಹೀರೆಬಳ್ಳಿಗೆ ಕಾಂಪೌಂಡಿಲ್ಲ

ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನಕಾಯಿಗೆ ಬರವಿಲ್ಲ, ತಾಳ್ಮೆಗೂ ಇಲ್ಲ. ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ, ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದಾಗ ಗುಡುಗುಡು ಅನ್ನುವವರೆಗೆ ವರ್ಷದ ಹತ್ತಿರಹತ್ತಿರ ಕಾಯುತ್ತೇವೆ. ಆಮೇಲೆ ತಿಪಟೂರಿನಲ್ಲಿ ರೇಟು ಏರಲಿ ಎಂದು ಇನ್ನಷ್ಟು ಕಾಯುತ್ತೇವೆ. ಇಷ್ಟೆಲ್ಲ ಕಾಯಬಲ್ಲ ನಾವು ತಿಂಗಳೊಪ್ಪತ್ತಿನಲ್ಲಿ ಕೈಗೆ ಬರುವ ಮೆಂತ್ಯ ಸೊಪ್ಪಿಗೆ ಮಾತ್ರ ಚೀಲ ಹಿಡಿದು ಸಂತೆಗೆ ಓಡುತ್ತೇವೆ. ಕೊಬ್ಬರಿ ಮಾರಿದ ದುಡ್ಡಲ್ಲಿ ಕರಿಬೇವು ಕೊಳ್ಳುವ ತೋಟದ ಯಜಮಾನರನ್ನು ನೋಡಲು ಬಹಳ ದೂರ ಹೋಗಬೇಕಿಲ್ಲ.

ಹಿಂದೆ ಬಚ್ಚಲ ನೀರು ಹರಿಯುವಲ್ಲಿ ಬಸಳೆ, ತಿಪ್ಪೆಯ ಪಕ್ಕ ಕುಂಬಳ, ಕೊಟ್ಟಿಗೆಯ ಮೇಲೆ ಸೋರೆ ತಾವಾಗಿಯೇ ಎಂಬಂತೆ ಹಬ್ಬಿಕೊಂಡಿರುತ್ತಿದ್ದವು. ಬೂದಿಯಲ್ಲಿ ಹೊರಳಿಸಿದ ಬೀಜದ ಗಂಟು ಜಂತೆಯಲ್ಲಿ ನೇತಾಡುತ್ತಿತ್ತು. ಈಗ ಹಿತ್ತಲಿಗೆ ಸಿಮೆಂಟು ಬಳಿದಿದ್ದೇವೆ. 1965ರ ಅಭಾವದ ದಿನಗಳಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ದೆಹಲಿಯ ತಮ್ಮ ಸರಕಾರಿ ಮನೆಯ ಹುಲ್ಲುಹಾಸಿಗೇ ನೇಗಿಲು ಹೂಡಿದ್ದರು. ಅಂಥ ಹುಲ್ಲುಹಾಸೇ ಉಳುಮೆಗೆ ಬಗ್ಗಿದ ಮೇಲೆ ನಮ್ಮ ಕಾರು ನಿಲ್ಲಿಸುವ ಜಾಗ ಯಾವ ದೊಡ್ಡದು?

ಹಾಗೆಂದು ಗೋಡೆಯ ಬದಿಗೆ ಹೀರೆಬೀಜ ಊರಿದೆವು. ಬಳ್ಳಿಗೆ ಖಾತೆ-ಪಹಣಿ ತಿಳಿಯದು. ಬೇರು ನಮ್ಮಲ್ಲಿ, ಕಾಯಿ ಪಕ್ಕದವರಲ್ಲಿ.

“ಅಕ್ಕಾ, ನಿಮ್ ಬಳ್ಳಿ ನಮ್ ಕಡೆ ಕಾಯ್ ಬಿಟ್ಟೈತೆ, ಕಿತ್ಕಳ್ಲಾ?”

“ಕಿತ್ಕಳವ್ವಾ, ಬಲಿತ್ರೆ ಮೈ ಉಜ್ಜಕ್ಕೇ ಸೈ!”

ಸಂಜೆ ಅದೇ ಗೋಡೆಯ ಮೇಲೆ ನುಗ್ಗೆಸೊಪ್ಪಿನ ಕಂತೆ ಬಂದು ಕೂತಿತ್ತು. ಮೂಲೆಮನೆಯಿಂದ ನಿಂಬೆಹಣ್ಣು, ಎದುರುಮನೆಯಿಂದ ದಂಟು. ಎಲ್ಲ ಸೇರಿ ಬಸ್ಸಾರಾಯಿತು, ಮುದ್ದೆ ಇಳಿಯಿತು. ನಮ್ಮ ತಾಲ್ಲೂಕಿನ ತೀರ್ಥಪುರದ ತೀ.ನಂ. ಶ್ರೀಕಂಠಯ್ಯನವರ ಲಲಿತ ಪ್ರಬಂಧಗಳ ಸಂಕಲನ ‘ನಂಟರು’. ಹೀರೆ ಹಬ್ಬಿಸಿದವರಿಗೆ ನಂಟರ ಕೊರತೆ ಎಲ್ಲಿಯದು!

ಸ್ವಾವಲಂಬನೆ ಅಂದರೆ ಯಾರ ಹಂಗೂ ಇಲ್ಲದೆ ಬದುಕುವುದು ಅಂದುಕೊಂಡಿರುತ್ತೇವೆ. ನಾಲ್ಕಡಿ ಮಣ್ಣಲ್ಲಿ ಅದು ನಡೆಯುವ ಮಾತಲ್ಲ. ಎಲ್ಲವನ್ನೂ ಒಬ್ಬರೇ ಬೆಳೆಯಲಾಗದು, ಬೆಳೆದದ್ದನ್ನು ಒಬ್ಬರೇ ತಿನ್ನಲೂ ಆಗದು. ಬೀದಿಯ ಹಂಗಿಗೆ ಬಿದ್ದರೆ ಪೇಟೆಯ ಹಂಗು ಅಷ್ಟಷ್ಟೇ ಕಮ್ಮಿಯಾಗುತ್ತದೆ.

ಈ ಲೇವಾದೇವಿಯಲ್ಲಿ ಚಲಾವಣೆಯಾಗದ ನಾಣ್ಯ ಒಂದೇ, ತೆಂಗಿನಕಾಯಿ. ಹೀರೆಕಾಯಿಗೆ ಬದಲು ಅದನ್ನು ಹಿಡಿದು ಬಂದವರಿಗೆ ಸಿಗುವ ಉತ್ತರ: “ಅಯ್ಯೋ, ನಮ್ಮಟ್ಟದಾಗೇ ಜಾಗ ಇಲ್ಲ ಕಣಪ್ಪ. ಒಂದ್ ಹಿಡಿ ದಂಟಿನ್ ಬೀಜ ಇದ್ರೆ ಕೊಡು!”