ನೀರಿಲ್ಲದೆ ಮುಳುಗುತ್ತಿದ್ದೇನೆ ಸ್ವಾಮಿ!

ನೆದರ್ಲೆಂಡ್ಸ್‌ನ ಸ್ಖೋಕ್‌ಲಾಂಡ್ ಒಂದು ದ್ವೀಪ. ಸಮುದ್ರ ಮಾತ್ರ ಇಲ್ಲ. ಜೌಡರ್‌ಜೇ ಎಂಬ ಕಡಲಿಗೆ 1932ರಲ್ಲಿ 32 ಕಿ.ಮೀ. ಉದ್ದದ ಒಡ್ಡು ಹಾಕಿದರು. ಒಳಗಿನ ಒಂದು ಪಾಲನ್ನು ಪಂಪು ಹಚ್ಚಿ 1942ರ ಹೊತ್ತಿಗೆ ಒಣಗಿಸಿದರು. ಹೊಲಗಳ ನಡುವೆ ದಿಬ್ಬವಾಗಿ ಉಳಿದ ದ್ವೀಪವನ್ನು ನಮ್ಮ ಪ್ರತಿನಿಧಿ ಮಾತಾಡಿಸಿದರು.

ಪ್ರತಿನಿಧಿ: ತಾವು ಈಗಲೂ ದ್ವೀಪವೇ?

ದ್ವೀಪ: ನಾಲ್ಕೂ ಕಡೆ ನೀರಿದ್ದರೆ ದ್ವೀಪ ಅಂತ ನಿಮ್ಮ ಶಾಲೆಯಲ್ಲೂ ಬಾಯಿಪಾಠ ಮಾಡಿಸುತ್ತಾರಲ್ಲ? ನನಗೆ ನಾಲ್ಕೂ ಕಡೆ ಆಲೂಗಡ್ಡೆ, ಈರುಳ್ಳಿ. ಆದರೂ ದೀಪಸ್ತಂಭವಿದೆ, ಬಂದರಿದೆ. ಹಡಗೊಂದು ಬರಬೇಕಷ್ಟೆ.

ಪ್ರತಿನಿಧಿ: ಜನ ಎಲ್ಲಿ?

ದ್ವೀಪ: 1859ರಲ್ಲಿ ಮೂರನೇ ವಿಲಿಯಂ ದೊರೆ ಒಕ್ಕಲೆಬ್ಬಿಸಿದ. ಸುಮಾರು 650 ಮಂದಿ, ಹೊಟ್ಟೆಗಿಲ್ಲದ ಬೆಸ್ತರು. ಕಡಲು ನುಂಗುತ್ತದೆ, ಹೊರಡಿ ಅಂದರು. ಸುಳ್ಳೇನಲ್ಲ, 1825ರ ಪ್ರವಾಹ ಕಂಡವರಿದ್ದರು. ಆದರೆ ನೂರು ವರ್ಷ ತುಂಬುವ ಮೊದಲೇ ಕಡಲನ್ನೂ ಒಕ್ಕಲೆಬ್ಬಿಸಿದರು! ಅದಕ್ಕೆ ಪರಿಹಾರ ಯಾರು ಕೊಟ್ಟರೋ.

ಪ್ರತಿನಿಧಿ: ಕಡಲನ್ನೇ ಬತ್ತಿಸುವ ಧೈರ್ಯ ಹೇಗೆ ಬಂತು?

ದ್ವೀಪ: ಎಂಜಿನಿಯರ್ ಕಾರ್ನೆಲಿಸ್ ಲೇಲಿಯ ಯೋಜನೆ ಬಹುಕಾಲ ಧೂಳು ತಿನ್ನುತ್ತಿತ್ತು. 1916ರಲ್ಲಿ ಪ್ರವಾಹ ಬಂತು, 1918ರಲ್ಲಿ ಕಾನೂನಾಯಿತು. ನೀರು ಹೊಸ್ತಿಲು ದಾಟದೆ ಕಡತ ಮೇಜು ದಾಟುವುದಿಲ್ಲ. ನಿಮ್ಮ ಕಡೆ ಬೇರೆ ಥರವೇನು?

ಪ್ರತಿನಿಧಿ: ಹಳೆಯ ಕಡಲಿನ ಗುರುತು ಏನಾದರೂ ಉಳಿದಿದೆಯೇ?

ದ್ವೀಪ: ಹೊಲ ಅಗೆದರೆ ಹಡಗು! ಈ ಪ್ರಾಂತ್ಯದ ಒಣನೆಲದಲ್ಲಿ ಮುಳುಗಿದ್ದ ಹಡಗುಗಳು 400ಕ್ಕೂ ಹೆಚ್ಚು ಸಿಕ್ಕಿವೆ. ಹಡಗಿದ್ದ ಜಾಗಕ್ಕೆ ಅಲ್ಲಲ್ಲಿ ಗುರುತಿನ ಕಂಬ ನೆಟ್ಟಿದ್ದಾರೆ. ನಾವಿಕ ಮುಳುಗಿದ ಕಡೆ ಈಗ ರೈತ ಟ್ರ್ಯಾಕ್ಟರ್ ಓಡಿಸುತ್ತಾನೆ.

ಪ್ರತಿನಿಧಿ: ನೆರೆಯ ಉರ್ಕ್ ಹೇಗಿದೆ?

ದ್ವೀಪ: ಹೊಟ್ಟೆ ಉರಿಸಬೇಡಿ. ಅದೂ ದ್ವೀಪವೇ ಆಗಿತ್ತು, 1939ರಲ್ಲಿ ಒಡ್ಡು ಬಂದು ನೆಲಕ್ಕೆ ಅಂಟಿಕೊಂಡಿತು. ಒಂದು ಮಗ್ಗುಲಿಗೆ ನೀರು ಉಳಿಸಿಕೊಂಡಿತು, ಜನರನ್ನೂ ಉಳಿಸಿಕೊಂಡಿತು. ಇವತ್ತಿಗೂ ಅಲ್ಲಿ ಮೀನಿನ ವ್ಯಾಪಾರ ಜೋರು. ನನಗೆ ಸಿಕ್ಕಿದ್ದು 1995ರಲ್ಲಿ ಯುನೆಸ್ಕೋ ಪಟ್ಟ. ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ದೇಶದ ಮೊದಲ ತಾಣ ನಾನೇ. ಖಾಲಿ ಮಾಡಿಸಿದ ನನ್ನ ಹಳ್ಳಿ ಎಮ್ಮೆಲೋರ್ಡ್‌ನ ಹೆಸರನ್ನು ಹೊಸ ಪಟ್ಟಣಕ್ಕೂ ಇಟ್ಟರು. ಮನೆ ಕೆಡವಿದ ಮೇಲೆ ನಾಮಕರಣ!

ಪ್ರತಿನಿಧಿ: ಅಂತೂ ಮುಳುಗುವ ಭಯ ತಪ್ಪಿತಲ್ಲ?

ದ್ವೀಪ: ಯಾರು ಹೇಳಿದರು? ಮುಳುಗುತ್ತಲೇ ಇದ್ದೇನೆ.

ಪ್ರತಿನಿಧಿ: ನೀರೇ ಇಲ್ಲವಲ್ಲ!

ದ್ವೀಪ: ಅದೇ ಸಂಕಟ. ನನ್ನ ಒಡಲೆಲ್ಲ ಗಿಡಗಂಟಿ ಕೊಳೆತು ಆದ ಪೀಟ್ ಮಣ್ಣು. ಬೇಸಾಯಕ್ಕೆಂದು ಸುತ್ತಲಿನ ಅಂತರ್ಜಲ ಇಳಿಸಿದರೆ ಅದು ಒಣಗಿ ಕುಸಿಯುತ್ತದೆ. ಈಗ ನನ್ನ ಪೂರ್ವಕ್ಕೆ ಒಂದಿಷ್ಟು ಜಮೀನು ಬಿಡಿಸಿ, ನೀರಿನ ಮಟ್ಟ ಏರಿಸಿ, ನನ್ನನ್ನು ಒದ್ದೆಯಾಗಿ ಇಟ್ಟಿದ್ದಾರೆ. ಸಮುದ್ರ ಕಿತ್ತುಕೊಂಡವರೇ ಈಗ ಚಮಚದಲ್ಲಿ ನೀರು ಕುಡಿಸುತ್ತಿದ್ದಾರೆ.

ಪ್ರತಿನಿಧಿ: ನಮ್ಮ ಓದುಗರಿಗೆ ಏನು ಹೇಳುತ್ತೀರಿ?

ದ್ವೀಪ: ನೋಡಲು ಬರುವವರು ಲಾಂಚ್ ಕೇಳಬೇಡಿ, ಸೈಕಲ್ ಹತ್ತಿ ಬನ್ನಿ. ದಾರಿ ಇರುವುದು ಸಮುದ್ರಮಟ್ಟಕ್ಕಿಂತ ಕೆಳಗೆ. ಹೊರಡುವ ಮುನ್ನ ಪಂಪು ಓಡುತ್ತಿದೆಯೇ ಅಂತ ಮಾತ್ರ ವಿಚಾರಿಸಿಕೊಳ್ಳಿ.