ರಾಯರ ಅರವತ್ತೈದು ಸಾವಿರ

ರಾಯರು ಟ್ಯಾಬ್ ಕೊಳ್ಳುತ್ತಿದ್ದಾರೆ. ಕೊಂಡರು ಎಂದು ಬರೆಯುವ ಭಾಗ್ಯ ಇನ್ನೂ ಒದಗಿಲ್ಲ. ಬೆಂಗಳೂರಿನ ಅವರ ಬ್ಯಾಂಕ್ ಶಾಖೆಯಲ್ಲಿ ಮ್ಯಾನೇಜರಿಂದ ಹಿಡಿದು ಕಾಫಿ ತಂದುಕೊಡುವ ಹುಡುಗನವರೆಗೆ ಎಲ್ಲರಿಗೂ ಈ ಸಂಗತಿ ಗೊತ್ತು. ಯಾರಾದರೂ ಅಪ್ಪಿತಪ್ಪಿ "ಏನ್ ರಾಯರೇ, ಟ್ಯಾಬ್ ಬಂತಾ?" ಎಂದರೋ, ಆವತ್ತು ಅವರ ಊಟದ ಬಿಡುವು ಹೋಯಿತು ಎಂದೇ ಲೆಕ್ಕ.

ಇಂಥ ರಾಯರು ಪ್ರತಿ ಆಫೀಸಿನಲ್ಲೂ ಒಬ್ಬರಿರುತ್ತಾರೆ. ಇವರು ಜುಗ್ಗರಲ್ಲ. ಮಗಳ ಮದುವೆಯಲ್ಲಿ ಐದು ಬಗೆಯ ಸಿಹಿ ಬಡಿಸಿದವರು. ಪಕ್ಕದ ಮನೆಯವರಿಗೆ ಮಿಕ್ಸಿ, ಷಡ್ಡಕನಿಗೆ ಸ್ಕೂಟರು, ಜವಾನನ ಮಗನಿಗೆ ಲ್ಯಾಪ್‌ಟಾಪು ಆರಿಸಿಕೊಟ್ಟು ಸೈ ಎನಿಸಿಕೊಂಡವರು. ತಮಗೆ ಕೊಳ್ಳುವಾಗ ಮಾತ್ರ ಕೈ ಓಡುವುದಿಲ್ಲ. ಮೋಸ ಹೋಗಬಾರದು ಎನ್ನುವುದೊಂದು ವ್ರತ. ಕಡಿಮೆ ಬೆಲೆಯದು ತಂದರೆ ವಸ್ತು ಮೋಸ ಮಾಡುತ್ತದೆ, ಹೆಚ್ಚಿನದು ತಂದರೆ ಕಂಪನಿ ಮೋಸ ಮಾಡುತ್ತದೆ. ಈ ಎರಡರ ನಡುವಿನ ಸಂದಿಯಲ್ಲಿ ರಾಯರು ಬಿಡಾರ ಹೂಡಿದ್ದಾರೆ.

ಸಂದಿಯ ಅಗಲ 65,000 ರೂಪಾಯಿ. 2025ರ ಮಾರ್ಚಿನಲ್ಲಿ ಬಂದ ಸಾದಾ ಐಪ್ಯಾಡ್, 128 ಜಿಬಿಯದು, ಬಿಡುಗಡೆಯಾದಾಗ 34,900. 2024ರ ಮೇ ತಿಂಗಳಲ್ಲಿ ಬಂದ 11 ಇಂಚಿನ ಐಪ್ಯಾಡ್ ಪ್ರೋ 99,900. ಪರದೆ ಎರಡರದೂ ಹೆಚ್ಚುಕಡಿಮೆ ಒಂದೇ ಅಳತೆ. ತೂಕ ಮಾತ್ರ ಸಾದಾದ್ದು 477 ಗ್ರಾಂ, ಪ್ರೋದ್ದು 444.

"ಪ್ರೋ 33 ಗ್ರಾಂ ಹಗುರ ಕಣೇ," ಎಂದರು ರಾಯರು ಒಂದು ರಾತ್ರಿ, ಊಟಕ್ಕೆ ಕೂತಾಗ.

"ಗ್ರಾಂಗೆ ಎರಡು ಸಾವಿರ ಬಿತ್ತು. ನೀವು ದಿನಾ ಬೆಳಿಗ್ಗೆ ವಾಕಿಂಗ್ ಹೋದ್ರೆ ಪುಕ್ಕಟೆ ಹಗುರ ಆಗ್ತೀರಿ, ಸಾರು ಹಾಕ್ಲಾ?" ಎಂದರು ಹೆಂಡತಿ.

ರಾಯರ ಬಳಿ ಒಂದು ಎಕ್ಸೆಲ್ ಹಾಳೆಯಿದೆ. ಅಡ್ಡಕ್ಕೆ ಮಾಡೆಲ್‌ಗಳು, ಉದ್ದಕ್ಕೆ ಗುಣಗಳು. ಮೊದಮೊದಲು ಬೆಲೆ, ಪರದೆ, ಬ್ಯಾಟರಿ ಎಂದು ನಾಲ್ಕಾರು ಸಾಲಿದ್ದದ್ದು ಈಗ ಬೆರಳಿಂದ ಸರಿಸುತ್ತಾ ಹೋದರೂ ಮುಗಿಯುವುದಿಲ್ಲ. ಹೊಸ ಮಾಡೆಲ್ ಬಂದಾಗಲೆಲ್ಲ ಹೊಸ ಕಂಬಸಾಲು ಏಳುತ್ತದೆ. ಎಂ4 ಚಿಪ್ಪಿನ ಪ್ರೋ ಸಾಕು ಎಂದು ಇನ್ನೇನು ಮನಸ್ಸು ಮಾಡುವಷ್ಟರಲ್ಲಿ, 2025ರ ಅಕ್ಟೋಬರಿನಲ್ಲಿ ಎಂ5 ಬಂತು. ಅದೂ ಅದೇ 99,900ಕ್ಕೆ. ಒಂದು ವಾರ ರಾಯರು ಯಾರೊಡನೆಯೂ ಮಾತಾಡಲಿಲ್ಲ.

ಶನಿವಾರ ಮಧ್ಯಾಹ್ನ ಅವರನ್ನು ಅಂಗಡಿಯಲ್ಲಿ ನೋಡಬೇಕು. ಒಳಗೆ ಬಂದವರೇ ಸಾದಾ ಐಪ್ಯಾಡಿನ ಗಾಜಿನ ಮೇಲೆ ಬೆರಳ ಗೆಣ್ಣಿನಿಂದ ತೆಂಗಿನಕಾಯಿ ಬಡಿದು ನೋಡುವ ಹಾಗೆ ಟಕಟಕ ಬಡಿದು, ಕಿವಿ ಹತ್ತಿರ ಹಿಡಿಯುತ್ತಾರೆ. ನಗುವಂತಿಲ್ಲ, ಅದರಲ್ಲಿ ಹುರುಳಿದೆ. ಸಾದಾ ಮಾಡೆಲ್ಲಿನಲ್ಲಿ ಮೇಲಿನ ಗಾಜಿಗೂ ಒಳಗಿನ ಪರದೆಗೂ ನಡುವೆ ಕೂದಲೆಳೆಯಷ್ಟು ಖಾಲಿ ಜಾಗ ಇರುತ್ತದೆ. ಬಡಿದರೆ ಸ್ವಲ್ಪ ಪೊಳ್ಳು ಸದ್ದು. ಪ್ರೋದಲ್ಲಿ, ಇವೆರಡರ ನಡುವಿನ ದರ್ಜೆಯ ಐಪ್ಯಾಡ್ ಏರ್‌ನಲ್ಲಿ ಕೂಡ, ಗಾಜನ್ನು ಪರದೆಗೆ ಅಂಟಿಸಿಬಿಟ್ಟಿರುತ್ತಾರೆ. ಅಕ್ಷರ ಗಾಜಿನ ಮೇಲೇ ಬರೆದಂತೆ ಕಾಣುತ್ತದೆ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು, ಎರಡರಲ್ಲೂ ಒಂದೇ ಕನ್ನಡ ಪತ್ರಿಕೆಯ ಪುಟ ತೆರೆದು, ಎರಡೂ ಕೈಯ ತೋರುಬೆರಳಿಂದ ಒಟ್ಟಿಗೇ ಮೇಲಕ್ಕೆ ತಳ್ಳುತ್ತಾರೆ. ಸಾದಾ ಪರದೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ, ಪ್ರೋ 120 ಸಲ. ಓಡುತ್ತಿರುವಾಗ ಸಾದಾದರಲ್ಲಿ ಒತ್ತಕ್ಷರಗಳು ಕಲಸಿಹೋಗುತ್ತವೆ, ಪ್ರೋದಲ್ಲಿ ಓದುವ ಹಾಗೇ ಇರುತ್ತವೆ.

"ನೋಡಪ್ಪ, 'ಕ್ಷ' ಇಲ್ಲಿ ಒಡೀತು, ಅಲ್ಲಿ ಒಡೀಲಿಲ್ಲ."

"ಹೌದು ಸಾರ್," ಎನ್ನುತ್ತಾನೆ ಅಂಗಡಿಯ ಹುಡುಗ. ಬಿಲ್ ಪುಸ್ತಕಕ್ಕೆ ಕೈ ಹಾಕುವುದಿಲ್ಲ. ಅವನಿಗೂ ಶನಿವಾರಗಳು ರೂಢಿಯಾಗಿವೆ.

ಪೇಪರನ್ನು ಹೀಗೆ ತಳ್ಳುತ್ತಾ ಓದುವವರು ಯಾರು ಎಂದು ರಾಯರನ್ನು ಕೇಳಬೇಡಿ. ನಿಲ್ಲಿಸಿಕೊಂಡು ಓದಿದರೆ 60ಕ್ಕೂ 120ಕ್ಕೂ ವ್ಯತ್ಯಾಸವಿಲ್ಲ.

ಆಂಡ್ರಾಯ್ಡ್ ಕಡೆಗೂ ಅವರು ಒಂದು ಮಳೆಗಾಲ ಹೋಗಿಬಂದರು. ಸ್ಯಾಮ್‌ಸಂಗಿನ ಟ್ಯಾಬ್ ಎಸ್9 ಎಫ್‌ಇ 2023ರಲ್ಲಿ 36,999ಕ್ಕೆ ಬಂದಾಗ ಡಬ್ಬಿಯೊಳಗೇ ಪೆನ್ನು ಕೊಟ್ಟಿದ್ದರು, ನೀರು ಬಿದ್ದರೂ ಹಾಳಾಗದ ಹಾಗೆ ಮಾಡಿದ್ದರು. ರಾಯರಿಗೆ ಮೆಚ್ಚುಗೆಯಾಯಿತು, ಪುಕ್ಕಟೆ ಪೆನ್ನಿನಲ್ಲಿ ಏನೋ ಕುತಂತ್ರವಿರಬೇಕು ಎಂದು ಅನುಮಾನವೂ ಆಯಿತು. ತೀರಾ ಅಗ್ಗದವನ್ನು ಅವರು ಮುಟ್ಟುವುದಿಲ್ಲ, ಅದಕ್ಕೆ ಕಾರಣವೂ ಸರಿಯಾದದ್ದೇ. ಕೆಲವು ಅಗ್ಗದ ಟ್ಯಾಬುಗಳಿಗೆ ವೈಡ್‌ವೈನ್ ಎಲ್1 ಎಂಬ ಪರವಾನಗಿ ಇರುವುದಿಲ್ಲ. ಅದಿಲ್ಲದಿದ್ದರೆ ಪರದೆ ಎಷ್ಟೇ ಚೆನ್ನಾಗಿರಲಿ, ನೆಟ್‌ಫ್ಲಿಕ್ಸ್‌ನ ಸಿನಿಮಾ ಮಸುಕು ಮಸುಕಾಗಿಯೇ ಬರುತ್ತದೆ. ಕೊಳ್ಳುವವರು ಇದೊಂದನ್ನು ವಿಚಾರಿಸಿಯೇ ದುಡ್ಡು ಕೊಡಬೇಕು.

ರಾಯರ ಬತ್ತಳಿಕೆಯ ಬ್ರಹ್ಮಾಸ್ತ್ರ ಬೇರೆಯೇ ಇದೆ. 2018ರಲ್ಲಿ ಬಂದ ಸಾದಾ ಐಪ್ಯಾಡಿನ ಬೆಲೆ 28,000. ಅದೇ ವರ್ಷ ಬಂದ 11 ಇಂಚಿನ ಪ್ರೋ 71,900. 2024ರಲ್ಲಿ ಐಪ್ಯಾಡ್ ಓಎಸ್ 18 ಎಂಬ ಹೊಸ ತಂತ್ರಾಂಶ ಬಂದಾಗ ಸಾದಾವನ್ನು ಕೈಬಿಟ್ಟರು. ಪ್ರೋಗೆ 2025ರ ಐಪ್ಯಾಡ್ ಓಎಸ್ 26 ಕೂಡ ಸಿಕ್ಕಿತು.

"ನೋಡಿ ಸ್ವಾಮಿ, ದುಬಾರಿಯದೇ ಬಾಳಿಕೆ!" ಎಂದು ಅವರು ಕ್ಯಾಂಟೀನಿನ ಮೇಜು ಗುದ್ದಿದರು.

ಲೆಕ್ಕ ಗೊತ್ತಿದ್ದ ಕ್ಯಾಷಿಯರಮ್ಮ ಟಿಶ್ಯೂ ಕಾಗದದ ಮೇಲೆ ಭಾಗಿಸಿ ತೋರಿಸಿದರು. 28,000ವನ್ನು ಆರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 4,667. 71,900ವನ್ನು ಏಳಕ್ಕೆ ಹಂಚಿದರೆ 10,271. ಹದಿನೈದು ವರ್ಷ ಬಾಳಿದರೂ ಪ್ರೋದ ಲೆಕ್ಕ ಸಾದಾಕ್ಕಿಂತ ಕೆಳಗಿಳಿಯುವುದಿಲ್ಲ. ರಾಯರು ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡು, "ಮರುಮಾರಾಟದ ಬೆಲೆ ಸೇರಿಸಿಲ್ಲ ನೀವು," ಎಂದು ಎದ್ದುಹೋದರು. ಅದನ್ನು ಸೇರಿಸಲಿಕ್ಕೆ ಮೊದಲು ಕೊಳ್ಳಬೇಕಲ್ಲ.

ಅಂದಹಾಗೆ, ಐಪ್ಯಾಡ್ ಮಾರುಕಟ್ಟೆಗೆ ಬಂದದ್ದು 2010ರಲ್ಲಿ. ಅದರಲ್ಲಿ ಕಂಪನಿಯದೇ ಕ್ಯಾಲ್ಕುಲೇಟರ್ ಬಂದದ್ದು 2024ರಲ್ಲಿ. ಹದಿನಾಲ್ಕು ವರ್ಷ ಲಕ್ಷ ರೂಪಾಯಿಯ ಯಂತ್ರ ಕೂಡ ಎರಡಕ್ಕೆರಡು ಕೂಡಿಸಲು ಬೇರೆಯವರ ಆ್ಯಪ್ ಬೇಡುತ್ತಿತ್ತು. ಬ್ಯಾಂಕಿನವರಾದ ರಾಯರು ಈ ಮಾತು ಬಂದರೆ ಕೇಳಿಸದವರಂತೆ ಇರುತ್ತಾರೆ.

ಹಾಗೆಂದು ಬ್ಯಾಂಕಿನ ಬುದ್ಧಿ ಅವರನ್ನು ಪೂರ್ತಿ ಬಿಟ್ಟಿಲ್ಲ. 'ನೋ ಕಾಸ್ಟ್ ಇಎಂಐ' ಎಂಬ ಫಲಕ ಕಂಡರೆ ನಿಂತು ಪಾಠ ಶುರು ಮಾಡುತ್ತಾರೆ: ಬಡ್ಡಿಯಷ್ಟು ಮೊತ್ತವನ್ನು ರಿಯಾಯಿತಿ ಎಂದು ಮೊದಲೇ ಕಳೆಯುತ್ತಾರೆ, ಆಮೇಲೆ ಬ್ಯಾಂಕು ಬಡ್ಡಿ ಹಾಕುತ್ತದೆ, ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ ನಮ್ಮ ತಲೆಗೇ. ಮಾತು ನೂರಕ್ಕೆ ನೂರು ನಿಜ. ಕೇಳಿದವರು ಇಬ್ಬರು ಟ್ಯಾಬ್ ಕೊಳ್ಳದೇ ಮನೆಗೆ ಹೋದರು.

ರಾಯರ ಈ ಮೀನಮೇಷ ಇಂದಿನ ಕಾಯಿಲೆಯಲ್ಲ. 2004ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಅಂಗೈ ಕಂಪ್ಯೂಟರ್ ಸಿಂಪ್ಯೂಟರ್ ಮಾರಾಟಕ್ಕೆ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ರೂಪಿಸಿದ್ದು, ಬಿಇಎಲ್ ತಯಾರಿಸಿದ್ದು. ಕಡ್ಡಿಯಿಂದ ಬರೆಯಬಹುದಿತ್ತು, ಕೈಯಲ್ಲಿ ವಾಲಿಸಿದರೆ ಅದಕ್ಕೆ ಗೊತ್ತಾಗುತ್ತಿತ್ತು. ಐಫೋನ್ ಹುಟ್ಟಲು ಇನ್ನೂ ಮೂರು ವರ್ಷ ಇತ್ತು. ಕಪ್ಪುಬಿಳುಪಿನದು ಹತ್ತು ಸಾವಿರದ ಆಸುಪಾಸು, ಬಣ್ಣದ್ದು ಅದಕ್ಕಿಂತ ದುಬಾರಿ. ಬಣ್ಣಕ್ಕೆ ಅಷ್ಟು ಕೊಡಬಹುದೇ ಎಂದು ರಾಯರು ಆಗಲೂ ಕೂತು ಯೋಚಿಸಿದರು. ಅವರ ಯೋಚನೆ ಮುಗಿಯುವ ಮೊದಲು ಸಿಂಪ್ಯೂಟರೇ ಮುಗಿಯಿತು.

ಟ್ಯಾಬ್ ಏಕೆ ಬೇಕು? ಈ ಪ್ರಶ್ನೆಗೆ ಎಕ್ಸೆಲ್ ಹಾಳೆಯಲ್ಲಿ ಸಾಲಿಲ್ಲ. ಹೆಂಡತಿ ಕೇಳಿದಾಗ ರಾಯರು ಒಂದೇ ಉಸಿರಿಗೆ ಹೇಳಿದರು: ಚಿತ್ರ ಬರೆಯುತ್ತೇನೆ, ಊರಿನ ಹಳೇ ವಿಡಿಯೊ ಎಲ್ಲ ಎಡಿಟ್ ಮಾಡುತ್ತೇನೆ, ನಿವೃತ್ತಿಯಾದ ಮೇಲೆ ಆತ್ಮಕಥೆ ಬರೆಯುತ್ತೇನೆ.

"ರೀ, ಹೋದ ವರ್ಷ ತಂದ ಡ್ರಾಯಿಂಗ್ ಪುಸ್ತಕದಲ್ಲಿ ಹಾಲಿನ ಲೆಕ್ಕ ಬರೀತಿದೀನಿ ನಾನು. ನಿಮಗೆ ಬೇಕಾಗಿದ್ರೆ ಹೇಳಿ, ಹಾಳೆ ಇನ್ನೂ ಇದೆ."

ಪ್ರೋ ಮಾರುವವರಿಗೆ ರಾಯರಂಥವರ ನಾಡಿ ಚೆನ್ನಾಗಿ ಗೊತ್ತು. ಜಾಹೀರಾತಿನಲ್ಲಿ ಕಾಣುವವರು ಚಿತ್ರಕಾರರು, ಸಿನಿಮಾದವರು, ಸಂಗೀತಗಾರರು. ರಾಯರು ನೋಡುವುದು ಯಂತ್ರವನ್ನಲ್ಲ, ಅದನ್ನು ಹಿಡಿದುಕೊಂಡ ಮುಂದಿನ ರಾಯರನ್ನು. ಆ ರಾಯರು ಬೆಳಿಗ್ಗೆ ಐದಕ್ಕೆ ಎದ್ದು ಲಾಲ್‌ಬಾಗಿನ ಗಾಜಿನ ಮನೆಯ ಸ್ಕೆಚ್ ಮಾಡುತ್ತಾರೆ. ಈಗಿನ ರಾಯರು ಏಳೂವರೆಗೆ ಏಳುತ್ತಾರೆ.

ಕೊನೆಗೆ ಈ ವ್ಯಾಜ್ಯವನ್ನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಜೀವನ ಮಾಡುವ ತಂಗಿಯ ಮಗಳ ಮುಂದೆ ಇಟ್ಟರು. ಅವಳು ಹಾಳೆ ನೋಡಲಿಲ್ಲ, ತನ್ನ ಐಪ್ಯಾಡಿನ ಪೆನ್ಸಿಲ್ ತೆಗೆದಳು.

"ಮಾವ, ಮೆತ್ತಗೆ ಒತ್ತಿದ್ರೆ ಗೆರೆ ಸಣ್ಣ, ಜೋರಾಗಿ ಒತ್ತಿದ್ರೆ ದಪ್ಪ. ನನಗೆ ಅನ್ನ ಹಾಕೋದು ಇದೇ. ನಿಮ್ಮ ಸಾದಾಕ್ಕೆ ಹೊಂದೋ 7,900ರ ಯುಎಸ್‌ಬಿ-ಸಿ ಪೆನ್ಸಿಲ್‌ಗೆ ಒತ್ತಿದ್ದು ಗೊತ್ತಾಗಲ್ಲ. ಹಳೇ ಮೊದಲನೇ ಪೆನ್ಸಿಲ್‌ಗೆ ಗೊತ್ತಾಗುತ್ತೆ, ಆದ್ರೆ ಅದಕ್ಕೊಂದು ಅಡಾಪ್ಟರ್ ಸಿಗಿಸಿಕೊಂಡು ಒದ್ದಾಡ್ಬೇಕು."

"ಹಾಗಾದ್ರೆ ಪ್ರೋನೇ ತಗೋಬೇಕು ಅಂತೀಯಾ?"

"ನಂದು ಏರ್. 59,900. ಪೆನ್ಸಿಲ್ ಪ್ರೋ ಇದಕ್ಕೂ ನಡೆಯುತ್ತೆ, ಅದು 11,900. ನೀವು ಏನು ಬರೀತೀರಿ ಮಾವ?"

ರಾಯರು ಉತ್ತರ ಹೇಳಲಿಲ್ಲ. ಮನೆಗೆ ಬಂದು ಎಕ್ಸೆಲ್ ಹಾಳೆಯಲ್ಲಿ 'ಏರ್' ಎಂದು ಇನ್ನೊಂದು ಕಂಬಸಾಲು ಎಬ್ಬಿಸಿದರು. ಮರುದಿನ ಪ್ರೋಗೆ ಕೀಲಿಮಣೆಯನ್ನೂ ಪೆನ್ಸಿಲನ್ನೂ ಸೇರಿಸಿ ಕೂಡಿದರು: 99,900ಕ್ಕೆ 29,900, ಅದಕ್ಕೆ 11,900, ಒಟ್ಟು 1,41,700. ಆತ್ಮಕಥೆ ಬರೆಯಲು ಬೇಕಾದ ಕೀಲಿಮಣೆ ಮೊದಲೇ ಅಂಟಿಕೊಂಡಿರುವ ಎಂ4 ಮ್ಯಾಕ್‌ಬುಕ್ ಏರ್ 2025ರಲ್ಲಿ ಬಿಡುಗಡೆಯಾದಾಗ 99,900. ಹೀಗಾಗಿ ಈಗ ಲ್ಯಾಪ್‌ಟಾಪುಗಳಿಗೆಂದು ಎರಡನೇ ಹಾಳೆ ಶುರುವಾಗಿದೆ.

ರಾಯರ ಮಾತು ಬಿಡಿ. ದಿನವೂ ಗಂಟೆಗಟ್ಟಲೆ ಪೆನ್ಸಿಲ್ ಹಿಡಿದು ದುಡಿಯುವವರು, ಬಣ್ಣ ಕರಾರುವಾಕ್ಕಾಗಿ ಕಾಣಲೇಬೇಕಾದವರು ಪ್ರೋ ಕೊಳ್ಳಲಿ. ಅವರಿಗೆ ಆ 65,000 ದುಡಿಮೆಯ ಬಂಡವಾಳ. ಚಿತ್ರ ಬರೆಯುವ ಹವ್ಯಾಸ ನಿಜಕ್ಕೂ ಇದ್ದವರಿಗೆ ಏರ್ ಧಾರಾಳವಾಯಿತು. ಪತ್ರಿಕೆ ಓದಲು, ಸಿನಿಮಾ ನೋಡಲು, ಮೊಮ್ಮಗುವಿನೊಂದಿಗೆ ವಿಡಿಯೊ ಕಾಲ್ ಮಾಡಲು 34,900ರ ಸಾದಾ ಐಪ್ಯಾಡೇ ಸಾಕು. ನೀವು ಇವರಲ್ಲಿ ಯಾರು ಎಂದು ಗೊತ್ತಾಗದಿದ್ದರೆ, ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವವರನ್ನು ಕೇಳಿ.