ಒಂದು ಸ್ಟಾರಿನ ಗಿರಾಕಿ

ಆನ್‌ಲೈನಿನಲ್ಲಿ ದುಡ್ಡು ಕೊಟ್ಟು ಸಾಮಾನು ತರಿಸಿಕೊಂಡವನನ್ನು ಯಾರೂ ಮಾತಾಡಿಸುವುದಿಲ್ಲ. ಅದೇ ಸಾಮಾನಿಗೆ ಒಂದೇ ಒಂದು ಸ್ಟಾರ್ ಹಾಕಿ ನೋಡಿ, ದೀಪಾವಳಿಗೆ ಬಂದ ಹೊಸ ಅಳಿಯನಿಗೂ ಸಿಗದ ಉಪಚಾರ ಶುರುವಾಗುತ್ತದೆ.

ನಾನು ತರಿಸಿದ್ದು ತೆಂಗಿನಕಾಯಿ ತುರಿಯುವ ಯಂತ್ರ. ಅದರ ಅಡಿಗೆ ರಬ್ಬರಿನ ಬಟ್ಟಲು. ಗ್ರಾನೈಟ್ ಕಟ್ಟೆಯ ಮೇಲಿಟ್ಟು ಪಕ್ಕದ ಲಿವರ್ ಒತ್ತಿದರೆ ಕಚ್ಚಿಕೊಂಡು ಕೂರಬೇಕು. ಆಮೇಲೆ ಒಂದು ಕೈಯಲ್ಲಿ ಕಾಯಿಹೋಳು ಹಿಡಿದು ಇನ್ನೊಂದು ಕೈಯಲ್ಲಿ ಹಿಡಿ ತಿರುಗಿಸುವುದು. ನಮ್ಮ ಮನೆಗೆ ಬಂದದ್ದಕ್ಕೆ ಕಚ್ಚಿಕೊಳ್ಳುವ ಸ್ವಭಾವವೇ ಇರಲಿಲ್ಲ. ಹಿಡಿ ತಿರುಗಿಸಿದರೆ ಕಾಯಿ ನಿಂತಲ್ಲೇ ಇರುತ್ತಿತ್ತು, ಯಂತ್ರ ಅದಕ್ಕೆ ಪ್ರದಕ್ಷಿಣೆ ಹಾಕುತ್ತಿತ್ತು. ಹಣ ವಾಪಸಿಲ್ಲ, ಬದಲಿ ಮಾತ್ರ ಎಂದರು. ಬದಲಿಯಾಗಿ ಬಂದದ್ದು ಅದರದೇ ಅವಳಿ. ಕೊನೆಗೆ ಒಂದು ಸ್ಟಾರ್ ಒತ್ತಿ, ‘ಕಾಯಿ ತುರಿಯುವುದಿಲ್ಲ, ಕಟ್ಟೆಯನ್ನು ಚೆನ್ನಾಗಿ ಒರೆಸುತ್ತದೆ’ ಎಂದು ಬರೆದೆ.

ಕಾಫಿ ಲೋಟ ತೊಳೆದಿಡುವಷ್ಟರಲ್ಲಿ ವಾಟ್ಸಾಪಿನಲ್ಲಿ ಕೈಮುಗಿದ ಚಿತ್ರಗಳ ಒಂದು ಸಾಲೇ ಬಂದು ನಿಂತಿತ್ತು. ಪಾರ್ಸೆಲ್ಲಿಗೆಂದು ಕೊಟ್ಟ ನನ್ನ ನಂಬರು ಅವರಿಗೆ ಈಗ ನೆನಪಾಗಿತ್ತು! ಗಿರಾಕಿಯ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಎನ್ನುತ್ತವೆ 2020ರ ಇ-ಕಾಮರ್ಸ್ ನಿಯಮಗಳು. ಒಂದು ಸ್ಟಾರಿಗೆ ಅಷ್ಟೆಲ್ಲ ಹೊತ್ತು ಬೇಕಾಗುವುದಿಲ್ಲ.

ಮೊದಲು ಬಂದದ್ದು ಉಪದೇಶ. ‘ನೀವು ಲಿವರ್ ಸರಿಯಾಗಿ ಒತ್ತಿಲ್ಲ’ ಎಂದು ಒಂದು ವಿಡಿಯೊ ಕಳಿಸಿದರು. ಅದರಲ್ಲಿ ಒಬ್ಬಾಕೆ ನಗುನಗುತ್ತಾ ತುರಿಯುತ್ತಿದ್ದಳು. ಹತ್ತಿರದಿಂದ ನೋಡಿದರೆ ಯಂತ್ರವನ್ನು ಮೊಣಕೈಯಲ್ಲಿ ಅದುಮಿ ಹಿಡಿದಿದ್ದಳು.

ಆಮೇಲೆ ಫೋನು. ಮೊದಲು ಹಿಂದಿ, ನಾನು ಜಗ್ಗದಿದ್ದಾಗ ಕನ್ನಡದ ಹುಡುಗಿ.

“ಸರ್, ನೂರು ರೂಪಾಯಿ ಹಾಕ್ತೀವಿ, ಆ ರಿವ್ಯೂ ತೆಗೀತೀರಾ?”

ನಾನು ಗಂಟಲು ಸರಿಮಾಡಿಕೊಂಡು, “ನೋಡಮ್ಮ, ಗಿರಾಕಿಗಳ ರಿವ್ಯೂಗೆ ಅಂತಲೇ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಅಂತ ತಂದಿದೆ, ಗೊತ್ತಾ?” ಎಂದೆ.

“ಆ ಮಾಡೆಲ್ ನಮ್ಮಲ್ಲಿ ಇಲ್ಲ ಸರ್. ಸ್ಟೀಲ್‌ದು ಬೇಕಾದ್ರೆ ಇದೆ.”

ಆಕೆಯನ್ನು ದೂರಿ ಫಲವಿಲ್ಲ. ಆ ಮಾನಕವನ್ನು ಪಾಲಿಸುವುದು ಬಿಡುವುದನ್ನು ತಂದಾಗಲೇ ಅವರವರ ಇಷ್ಟಕ್ಕೆ ಬಿಟ್ಟಿದ್ದರು.

ನೂರು ಇನ್ನೂರಾಗಿ, ಇನ್ನೂರು ಪೂರ್ತಿ ಬೆಲೆಯಾಯಿತು. ಯಂತ್ರ ಕೆಟ್ಟಾಗ ವಾಪಸಾಗದ ಹಣ ಸ್ಟಾರ್ ಕೆಟ್ಟಾಗ ವಾಪಸಾಗುತ್ತದೆ! ಹತ್ತಿರ ಕೂತು ಕಿವಿಗೊಟ್ಟಿದ್ದ ನನ್ನ ಹೆಂಡತಿ, “ರೀ, ಒಪ್ಪಬೇಡಿ, ಇನ್ನೊಂದು ಸುತ್ತು ಜಗ್ಗಿ” ಎಂದು ಸನ್ನೆ ಮಾಡಿದಳು. ಅಮೆರಿಕದ ಇಬೇ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಒಂದು ಕಾಲದಲ್ಲಿ ಮಾರುವವರೂ ಇಂಥ ಕೊಳ್ಳುವವರ ಮೇಲೆ ಕೆಟ್ಟ ಅಭಿಪ್ರಾಯ ಬರೆಯಬಹುದಿತ್ತು. ನೀನು ಬರೆದರೆ ನಾನೂ ಬರೆಯುತ್ತೇನೆ ಎಂಬ ಹೆದರಿಕೆಯಲ್ಲಿ ಗಿರಾಕಿಗಳು ಬಾಯಿ ಮುಚ್ಚಿಕೊಂಡಿರುತ್ತಿದ್ದರಂತೆ. 2008ರಲ್ಲಿ ಅದನ್ನು ನಿಲ್ಲಿಸಿದರು. ನಮ್ಮ ಮೈಸೂರಿನ ದೇವರಾಜ ಮಾರುಕಟ್ಟೆಯ ಬಾಳೆಹಣ್ಣಿನವರಿಗೆ ಆ ಅಧಿಕಾರ ಇದ್ದಿದ್ದರೆ ನನ್ನ ಹೆಂಡತಿಗೆ ಊರಲ್ಲಿ ಯಾರೂ ಹಣ್ಣು ಕೊಡುತ್ತಿರಲಿಲ್ಲ.

ಮಾತು ಸಿಕ್ಕಿಕೊಂಡದ್ದು ಯಾರು ಮೊದಲು ಎಂಬಲ್ಲಿ. ರಿವ್ಯೂ ಅಳಿಸಿದ ಸ್ಕ್ರೀನ್‌ಶಾಟ್ ಕಳಿಸಿ, ಹಣ ಹಾಕುತ್ತೇವೆ ಎಂದು ಅವರು. ಹಣ ಬರಲಿ, ಯೋಚಿಸುತ್ತೇವೆ ಎಂದು ನಮ್ಮ ಕಡೆಯವರು. (ಇಂಥ ಹೊತ್ತಿನಲ್ಲಿ ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ ಎನ್ನುವ ಮಹಾನುಭಾವರೂ ಇದ್ದಾರೆ. ಯುಪಿಐನಲ್ಲಿ ಪಿನ್ ಒತ್ತಿದರೆ ದುಡ್ಡು ಹೋಗುತ್ತದೆಯೇ ಹೊರತು ಬರುವುದಿಲ್ಲ.)

ಕೊನೆಯ ಅಸ್ತ್ರ ಕಣ್ಣೀರು. ‘ಸರ್’ ಹೋಗಿ ‘ಅಂಕಲ್’ ಬಂತು. “ಅಂಕಲ್, ನಮ್ಮಜ್ಜಿ ಮನೆ ನಂಜನಗೂಡು. ನೀವು ತೆಗೀದಿದ್ರೆ ನನ್ನ ಟಾರ್ಗೆಟ್ ಹೋಗುತ್ತೆ.” ಹೆಂಡತಿ ಕರಗಿಬಿಟ್ಟಳು. ನನಗೂ ಪಾಪ ಅನಿಸಿತು. “ಆಯಿತಮ್ಮ, ಕಚ್ಚಿಕೊಳ್ಳುವ ಯಂತ್ರ ಒಂದು ಕಳಿಸಿಬಿಡು, ಇವತ್ತೇ ಐದು ಸ್ಟಾರ್ ಹಾಕುತ್ತೇನೆ” ಎಂದೆ. ಆ ಕಡೆ ತುಸು ಹೊತ್ತು ಮಾತಿಲ್ಲ. “ಅದು ಆಪ್ಷನ್ನಲ್ಲಿ ಇಲ್ಲ ಅಂಕಲ್” ಎಂದಳು.

ಇಷ್ಟೆಲ್ಲ ಆದ ಮೇಲೆ ಉಳಿದವರು ಏನು ಬರೆದಿದ್ದಾರೆಂದು ನಿಧಾನವಾಗಿ ಓದಿದೆ. ‘ಪ್ಯಾಕಿಂಗ್ ಸೂಪರ್, ಇನ್ನೂ ಬಿಚ್ಚಿಲ್ಲ’ — ಐದು ಸ್ಟಾರ್. ‘ಡೆಲಿವರಿ ಹುಡುಗ ತುಂಬ ಮರ್ಯಾದಸ್ಥ’ — ಐದು ಸ್ಟಾರ್. ‘ಬಟ್ಟೆ ಮೃದುವಾಗಿದೆ, ಒಗೆದರೂ ಬಣ್ಣ ಬಿಡಲಿಲ್ಲ’ ಎಂದೊಬ್ಬರು. ತೆಂಗಿನಕಾಯಿ ಯಂತ್ರದ ಬಣ್ಣ ಯಾಕೆ ಬಿಡುತ್ತದೆ? ಆ ಪುಟದಲ್ಲಿ ಹಿಂದೆ ಬೆಡ್‌ಶೀಟ್ ಮಾರುತ್ತಿದ್ದರು. ಸರಕು ಬದಲಾಗಿತ್ತು, ಹೊಗಳಿಕೆ ಹಾಗೇ ಉಳಿದಿತ್ತು. ಮಾರುವವರೇ ಗಿರಾಕಿಯ ವೇಷದಲ್ಲಿ ರಿವ್ಯೂ ಬರೆಯಬಾರದೆಂದು ಅದೇ 2020ರ ನಿಯಮಗಳಲ್ಲಿದೆ. ಬೆಡ್‌ಶೀಟಿನ ಗಿರಾಕಿ ತೆಂಗಿನಕಾಯಿ ಹೊಗಳಬಾರದೆಂದು ಬರೆಯಲು ಯಾರಿಗೆ ತಾನೆ ಹೊಳೆದೀತು?

1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ದೂರು ಬರೆದುಕೊಳ್ಳುತ್ತಾರೆ. ಮಾಡೋಣವೆಂದು ಕೂತೆ. ಅಷ್ಟರಲ್ಲಿ ಆ ಯಂತ್ರದ ಪುಟವೇ ಮಾಯ. ಕೆಲವು ದಿನ ಬಿಟ್ಟು ಅದೇ ಫೋಟೋ, ಅದೇ ನಗುವ ಹೆಂಗಸು, ಹೊಸ ಹೆಸರಿನಲ್ಲಿ ಪ್ರತ್ಯಕ್ಷ. ಯಂತ್ರ ರಿಪೇರಿ ಮಾಡುವುದಕ್ಕಿಂತ ಹೆಸರು ರಿಪೇರಿ ಮಾಡುವುದು ಅಗ್ಗ.

ಯಂತ್ರ ಎರಡೂ ನಮ್ಮಲ್ಲೇ ಇವೆ, ಹೊಸದರಂತಿವೆ. ಬೇಕಾದವರು ಬಂದು ಅರ್ಧ ಬೆಲೆಗೆ ಒಯ್ಯಬಹುದು. ರಿವ್ಯೂ ಮಾತ್ರ ಬರೆಯಕೂಡದು.